ಫ್ಲೈವೀಲ್, ಕ್ಲಚ್ ಮನೆಯಲ್ಲೇ ಕೂರಿಸುವವರಿಗೆ

ಗಾಡಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಂತಿರಲಿ, ಬರೀ ಜಾಕ್ ನಂಬಬೇಡಿ.

ಫ್ಲೈವೀಲ್ ಅಂದರೆ ಇಂಜಿನ್ ಜೊತೆ ತಿರುಗುವ ಭಾರದ ಚಕ್ರ. ಅದರ ಬೋಲ್ಟ್ ವಿಚಾರದಲ್ಲಿ ಜುಗ್ಗತನ ಬೇಡ. ಎಷ್ಟೋ ಇಂಜಿನ್‌ಗಳಲ್ಲಿ ಅವು ಬಿಗಿದಾಗ ಹಿಗ್ಗುವಂಥವು, ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ಕ್ರ್ಯಾಂಕ್‌ನ (ಫ್ಲೈವೀಲ್ ಕೂರುವ ಇಂಜಿನ್ ದಂಡ) ಮುಖ, ಫ್ಲೈವೀಲ್‌ನ ಹಿಂಬದಿ ಎರಡನ್ನೂ ಚೆನ್ನಾಗಿ ಒರೆಸಿ. ತುಕ್ಕಿನ ಒಂದು ಚೂರು ಸಿಕ್ಕಿಕೊಂಡರೂ ಫ್ಲೈವೀಲ್ ಓಲಾಡುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬೋಲ್ಟಿನ ತೂತು ಒಳಗೆ ಆಯಿಲ್ ಇರುವ ಕಡೆಗೇ ತೆರೆದಿರುತ್ತದೆ. ಅಲ್ಲಿ ಸೀಲಂಟ್ (ಸೋರಿಕೆ ತಡೆಯುವ ಅಂಟು) ಹಚ್ಚದಿದ್ದರೆ ಆಯಿಲ್ ಜಿನುಗಿ ಹೊಸ ಕ್ಲಚ್ಚೂ ಹಾಳು. ಟಾರ್ಕ್ ವ್ರೆಂಚ್‌ನಿಂದ (ಟಾರ್ಕ್ ಅಂದರೆ ತಿರುಗಿಸುವ ಬಲ, ಅದನ್ನು ಅಳೆಯುವ ಪಾನಾ) ಎದುರುಬದುರಾಗಿ, ಎರಡು ಮೂರು ಹಂತದಲ್ಲಿ ಬಿಗಿ ಮಾಡಿ. ಟಾರ್ಕ್ ಎಷ್ಟೆಂದು ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಲಿ, ಗೆಳೆಯರಲ್ಲ!

ಕ್ಲಚ್ ಪ್ಲೇಟ್‌ಗೆ ಜಿಡ್ಡುಗೈ ತಾಗಿಸಬೇಡಿ. ಫ್ಲೈವೀಲ್ ಕಡೆಗೆ ಯಾವ ಮಗ್ಗುಲು ಎಂದು ಸಾಮಾನ್ಯವಾಗಿ ಪ್ಲೇಟ್ ಮೇಲೇ ಬರೆದಿರುತ್ತದೆ, ನೋಡಿಕೊಳ್ಳಿ. ಅಲೈನ್‌ಮೆಂಟ್ ಟೂಲ್ ತೂರಿಸಿ ಪ್ಲೇಟನ್ನು ಸರಿಯಾಗಿ ನಡುವಿಗೆ ತಂದು, ಅದನ್ನು ಫ್ಲೈವೀಲ್‌ಗೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಅರ್ಧರ್ಧ ಸುತ್ತಿನಂತೆ ತಿರುಗಿಸುತ್ತಾ ಹೋಗಿ. ಒಂದೇ ಕಡೆ ಪೂರ್ತಿ ಬಿಗಿದರೆ ಪ್ರೆಶರ್ ಪ್ಲೇಟಿನ ಕವರ್ ಸೊಟ್ಟಗಾಗುತ್ತದೆ.

ಕೊನೆಗೆ ಗೇರ್‌ಬಾಕ್ಸ್ ಕೈಯಲ್ಲೇ ಜಾರಿ ಕೂರಬೇಕು. ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಲು ಹೋಗಬೇಡಿ. ಗೇರ್‌ಬಾಕ್ಸ್‌ನ ಭಾರ ಅದರ ಶಾಫ್ಟ್ (ಕ್ಲಚ್ ಪ್ಲೇಟ್ ಒಳಗೆ ತೂರುವ ದಂಡ) ಮೇಲೆ ನೇತಾಡಿದರೆ ಕ್ಲಚ್ ಪ್ಲೇಟ್‌ನ ನಡುಭಾಗ ಬಾಗುತ್ತದೆ, ಕೆಳಗಿನಿಂದ ಜಾಕ್ ಆಸರೆ ಕೊಡಿ.