ಅವ್ವನ ಸೀರೆಗಳಿಂದ ಕೌದಿ: ದುಃಖದ ದಿನಗಳಲ್ಲಿ ಕೈಗೊಂದು ಆಟ

ತೀರಿಕೊಂಡವರ ಬಟ್ಟೆ ಏನು ಮಾಡಬೇಕು ಅನ್ನುವ ಪ್ರಶ್ನೆ ಎಲ್ಲರ ಮನೆಯಲ್ಲೂ ಬರುತ್ತದೆ. ಕೆಲವರು ದಾನ ಕೊಡುತ್ತಾರೆ. ಕೆಲವರು ಟ್ರಂಕಿನಲ್ಲಿಟ್ಟು ನುಸಿಗುಳಿಗೆ ಹಾಕುತ್ತಾರೆ. ಉತ್ತರ ಕರ್ನಾಟಕದ ನಮಗೆ ಇನ್ನೊಂದು ದಾರಿ ಮೊದಲಿನಿಂದಲೂ ಇದೆ. ಅದೇ ಕೌದಿ. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಕೈಯಲ್ಲೇ ಹೊಲಿಯುವ ಹೊದಿಕೆ.

ನಾನು ಧಾರವಾಡದವಳು. ದಿನವಿಡೀ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಶಾಲೆ ಬಿಟ್ಟ ಮೇಲೆ ಬಣ್ಣ, ಕತ್ತರಿ ಹಿಡಿದು ಸುಮ್ನೆ ಕೂತದ್ದೇ ಇಲ್ಲ. ಅವ್ವ ಹೋದ ಮೇಲೆ ಬಹಳ ದಿನ ನನಗೆ ಅಳುವೂ ಬರುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ. ಈ ಚಿಂದಿಗಳ ಜೊತೆ ಕೂತಾಗ ಎರಡೂ ಬಂದವು. ಹಾಗಾಗಿ, ಅಂಥದೇ ಸ್ಥಿತಿಯಲ್ಲಿ ಇರುವವರಿಗೆ ಇದನ್ನು ಹೇಗೆ ಮಾಡುವುದು ಅಂತ ವಿವರವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು: ನಕ್ಷೆ ಹಾಕಿಕೊಳ್ಳಬೇಡಿ. ನಾನು ಸ್ಕೇಲು, ಪೆನ್ಸಿಲ್ಲು ಹಿಡಿದು ಕೂತದ್ದನ್ನು ನೋಡಿ ಚಿಗವ್ವ ಹೇಳಿದ್ದು ಇಷ್ಟೇ: "ಅದನ್ನ ಒಳಗ ಇಡವಾ. ಕೌದಿಗೆ ಅಳತಿ ಬ್ಯಾಡ, ಕೈ ಬೇಕು." ಅವ್ವನ ನೆನಪಿಗೆ ಒಪ್ಪುವಂಥ ಸುಂದರ ವಸ್ತು ಮಾಡಬೇಕು ಅಂತ ಹೊರಟರೆ ಪ್ರತಿ ತುಂಡಿಗೂ ಹೆದರಿಕೆ ಶುರುವಾಗುತ್ತದೆ. ಆಟಕ್ಕೆ ಕೂತರೆ ಆ ಹೆದರಿಕೆ ಇರುವುದಿಲ್ಲ.

"ನಂಗೆ ಹೊಲಿಗೆನೇ ಬರಲ್ಲ" ಅನ್ನುವವರೂ ಕೂರಬಹುದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಜೊತೆಗಾರರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 39 ಜನ ವಯಸ್ಕರಿಗೆ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ಚೂರು ಕೊಟ್ಟು 45 ನಿಮಿಷ ಬೇಕಾದ್ದು ಮಾಡಿ ಅಂದರು. ಮೊದಲೂ ಆಮೇಲೂ ಜೊಲ್ಲಿನಲ್ಲಿ ಕಾರ್ಟಿಸೋಲ್ ಪರೀಕ್ಷೆ ಮಾಡಿದರು. ಒತ್ತಡ ಇದ್ದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಅಧ್ಯಯನ, ಆರೋಗ್ಯವಂತರ ಮೇಲೆ ಮಾಡಿದ್ದು. ಆದರೂ ಕೈ ಪಳಗಿರಬೇಕಾಗಿಲ್ಲ ಅನ್ನುವುದು ನನಗೆ ದೊಡ್ಡ ಧೈರ್ಯ ಕೊಟ್ಟಿತು.

ಈಗ ಬಟ್ಟೆ. ಮೈಗೆ ಹಿತವಾದ ಹತ್ತಿ ಬಟ್ಟೆ ಒಳ್ಳೆಯದು. ಅವರು ಮನೆಯಲ್ಲಿ ದಿನಾ ಉಡುತ್ತಿದ್ದ, ತೊಳೆದು ತೊಳೆದು ಮೆತ್ತಗಾದ ಸೀರೆಯಿಂದಲೇ ಶುರುಮಾಡಿ. ಮದುವೆ ಸೀರೆ, ಅವರಿಗೆ ತುಂಬಾ ಪ್ರೀತಿಯಿದ್ದ ಸೀರೆ ಮೊದಲ ಕೌದಿಗೆ ಬೇಡ, ಮುಟ್ಟದೆ ಇಡಿ. ಹತ್ತಿ ಒಡಲಿನ ಇಳಕಲ್ ಸೀರೆ ಇದ್ದರೆ ಒಡಲು ಕೌದಿಗೆ ಬಹಳ ಚೆನ್ನ. ಆದರೆ ಟೋಪ ತೆನಿ ಅನ್ನುವ ಅದರ ಸೆರಗು ರೇಷ್ಮೆ, ಸೂಜಿಯ ಕೆಳಗೆ ಜಾರುತ್ತದೆ. ಅದನ್ನು ದೊಡ್ಡದಾಗಿ ಹಾಕದೆ ಚಿಕ್ಕ ಚಿಕ್ಕ ಚೂರು ಮಾಡಿ ಅಲ್ಲಲ್ಲಿ ಇಡಿ. ಕಡುಗೆಂಪು, ಕಡುನೀಲಿ ಬಟ್ಟೆಯ ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬೇರೆಯಾಗಿ ತೊಳೆದು, ಬಿಡುವುದು ನಿಂತ ಮೇಲೆ ಬಳಸಿ.

ಅಪ್ಪನ ಅಂಗಿ ಇದ್ದರೆ ಜೇಬು ಬಿಚ್ಚಬೇಡಿ. ಜೇಬಿರುವ ತುಂಡನ್ನೇ ಇಡಿಯಾಗಿ ಕೂಡಿಸಿ. ಜೇಬಿನ ಕೌದಿ ಅಂದರೆ ಮಕ್ಕಳಿಗೆ ಪ್ರಾಣ. ನಮ್ಮ ಮನೆಯಲ್ಲಿ ಅದರೊಳಗೆ ಪೆಪ್ಪರ್‌ಮೆಂಟು, ಗೋಲಿ, ಬಸ್ಸಿನ ಟಿಕೆಟ್ಟು ಎಲ್ಲ ಸಿಗುತ್ತವೆ.

ಮೊದಲ ಸಲಕ್ಕೆ ಇಡೀ ಹಾಸಿಗೆಯಷ್ಟು ದೊಡ್ಡದು ಬೇಡ. ಕೂಸಿಗೆ ಹೊದಿಸುವಷ್ಟು, ಅಂದರೆ ಎರಡು ಮೊಳ ಉದ್ದ, ಎರಡು ಮೊಳ ಅಗಲ ಸಾಕು. ಅಡಿಗೆ ಹಳೇ ಧೋತರ ಅಥವಾ ಸೀರೆ ಎರಡು ಪದರ ಹಾಸಿ, ಸುಕ್ಕಿಲ್ಲದಂತೆ ಸವರಿ, ಸುತ್ತಲೂ ಉದ್ದುದ್ದ ಹೊಲಿಗೆ ಹಾಕಿ ಕೂಡಿಸಿಕೊಳ್ಳಿ. ಪದರ ಜಾಸ್ತಿ ಮಾಡಿದರೆ ಸೂಜಿ ಇಳಿಯುವುದಿಲ್ಲ, ಬೆರಳು ನೋಯುತ್ತವೆ. ಕಣ್ಣು ದೊಡ್ಡದಿರುವ ಸೂಜಿ, ಗಟ್ಟಿ ಹತ್ತಿ ದಾರ, ಕತ್ತರಿ. ಬೇರೆ ಏನೂ ಕೊಳ್ಳಬೇಕಾಗಿಲ್ಲ.

ಕಷ್ಟ ಇರುವುದು ಸೀರೆ ಹರಿಯುವಾಗ. ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ, ಎರಡೂ ಕಡೆ ಹಿಡಿದು ಎಳೆದರೆ ಪರ್ರನೆ ನೇರವಾಗಿ ಸೀಳುತ್ತದೆ. ಆ ಸದ್ದಿಗೆ ನನ್ನ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಮಡಿಕೆಯೊಳಗಿಂದ ಅವ್ವ ಹಚ್ಚುತ್ತಿದ್ದ ಪೌಡರಿನ ವಾಸನೆ ಬಂತು. ಅಂದು ಅಲ್ಲಿಗೇ ನಿಲ್ಲಿಸಿದೆ. ನಿಮಗೂ ಹಾಗಾದರೆ ನಿಲ್ಲಿಸಿ, ಚಹಾ ಕುಡಿಯಿರಿ, ಮರುದಿನ ಕೂರಿ. ಒಬ್ಬರೇ ಹರಿಯಬೇಡಿ. ತಂಗಿ, ಅತ್ತಿಗೆ, ಮಗಳು, ಯಾರಾದರೂ ಇನ್ನೊಂದು ತುದಿ ಹಿಡಿಯಲಿ. ಸೀರೆ ಹಿಡಿದವರು ಸುಮ್ಮನಿರುವುದಿಲ್ಲ, "ಇದನ್ನ ಉಟ್ಕೊಂಡು ಜಾತ್ರೆಗೆ ಬಂದಿದ್ರು ಅಲ್ವಾ" ಅಂತ ಮಾತು ತೆಗೆಯುತ್ತಾರೆ. ಆ ಮಾತುಗಳು ಬೇಕು.

ಹರಿದ ಮೇಲೆ ಆಟ. ತುಂಡುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಕಣ್ಣು ಮುಚ್ಚಿ ಒಂದೊಂದೇ ತೆಗೆಯಿರಿ. ಬಂದ ಬಣ್ಣ ಪಕ್ಕದ್ದಕ್ಕೆ ಒಪ್ಪದಿದ್ದರೂ ಅಲ್ಲೇ ಇಡಬೇಕು, ಬದಲಾಯಿಸುವ ಹಾಗಿಲ್ಲ. ಹಸಿರಿನ ಪಕ್ಕ ಕಿತ್ತಳೆ, ಅದರ ಪಕ್ಕ ಚೌಕಳಿ ಲುಂಗಿ ಬಂದಾಗ ನಗದೆ ಇರಲು ಆಗುವುದಿಲ್ಲ. ದಿನವಿಡೀ ಸರಿ-ತಪ್ಪು ತೂಗುವ ನನ್ನಂಥವರಿಗೆ ಇದರಿಂದ ಆಗುವ ಹಗುರ ದೊಡ್ಡದು.

ಇನ್ನೊಂದು ಆಟವನ್ನು ನಾನು ಬೇರೆ ಕಡೆಯಿಂದ ತೆಗೆದುಕೊಂಡೆ. ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನಲ್ಲಿ ಒಬ್ಬ ಮಕ್ಕಳ ವೈದ್ಯ, ಮನೋವಿಶ್ಲೇಷಕ ಇದ್ದರು. ಮಾತಾಡಲು ಹಿಂಜರಿಯುವ ಮಗುವಿನ ಮುಂದೆ ಕಾಗದದ ಮೇಲೆ ಸುಮ್ನೆ ಒಂದು ಗೀಚು ಎಳೆಯುತ್ತಿದ್ದರು. ಮಗು ಅದನ್ನು ಏನಾದರೂ ಚಿತ್ರ ಮಾಡಬೇಕು. ಆಮೇಲೆ ಮಗು ಗೀಚಬೇಕು, ಇವರು ಚಿತ್ರ ಮಾಡಬೇಕು. ಆಟದ ನಡುವೆ ಮಗುವಿನ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತಿತ್ತು. ನಾವು ಇದನ್ನೇ ಬಟ್ಟೆಯಲ್ಲಿ ಆಡಿದೆವು. ಮಗಳು ಕಣ್ಣು ಮುಚ್ಚಿ ಕತ್ತರಿ ಓಡಿಸಿದಳು, ಸೊಟ್ಟ ತುಂಡೊಂದು ಬಂತು. ಚಿಗವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹುಂಜ ಐತಿ ಇದು" ಅಂದು, ಕೆಂಪು ಸೆರಗಿನ ಚೂರನ್ನು ತಲೆಯ ಮೇಲೆ ಜುಟ್ಟು ಮಾಡಿ ಇಟ್ಟರು. ಅವ್ವ ಸಾಕಿದ್ದ ಹುಂಜ ಅಂಚೆಯವನನ್ನು ಓಣಿ ತುದಿವರೆಗೆ ಅಟ್ಟಿದ ಕತೆ ಆಗ ಹೊರಬಿತ್ತು. ಅದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಕೌದಿಯಲ್ಲಿ ಆ ಹುಂಜ ಈಗಲೂ ಇದೆ.

ಹೊಲಿಯುವ ಕ್ರಮಕ್ಕೆ ನಾನು ನೋಡುವುದು ಸಿದ್ದಿ ಹೆಣ್ಣುಮಕ್ಕಳ ಕೌದಿಯನ್ನು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇರುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರ ಕೌದಿ ಒಂದು ಮೂಲೆಯಲ್ಲಿ ಶುರುವಾಗಿ, ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ಹೊಸಬರಿಗೆ ಇದೇ ಸುಲಭ. ತುಂಡಿನ ಅಂಚನ್ನು ಒಳಗೆ ಮಡಚಿ, ಸೂಜಿ ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ ಹಾಕುತ್ತಾ ಹೋಗಿ. ಸಾಲಿಗೂ ಸಾಲಿಗೂ ಒಂದು ಬೆರಳು ಜಾಗ ಬಿಡಿ. ತುಂಡು ಮುಗಿದರೆ ಅದರ ಅಂಚಿನ ಮೇಲೆ ಮುಂದಿನದನ್ನು ಇಡಿ. ಸಾಲು ಡೊಂಕಾದರೆ ಬಿಚ್ಚಬೇಡಿ. ಡೊಂಕು ಸಾಲುಗಳೆಲ್ಲ ಸೇರಿದಾಗಲೇ ಕೌದಿಗೆ ಆ ಅಲೆಅಲೆಯ ಮೈ ಬರುತ್ತದೆ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಇಟ್ಟು ಹೊಲಿಯಿರಿ. ಸಿದ್ದಿಗಳು ಇದನ್ನು ಫೂಲ ಅನ್ನುತ್ತಾರೆ; ಫೂಲ ಇಲ್ಲದ ಕೌದಿ ಅವರ ಪಾಲಿಗೆ ಬೆತ್ತಲೆ ಇದ್ದ ಹಾಗೆ. ನಮ್ಮ ಮನೆಯಲ್ಲಿ ನಡುವಿನ ಕೊನೆಯ ತುಂಡು ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಅಕ್ಕಿ ಹಾಕುತ್ತೇವೆ, ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ.

ದಿನಕ್ಕೆ ಎಷ್ಟು ಹೊತ್ತು? ಸಂಜೆ ಸೀರಿಯಲ್ ನೋಡುವಷ್ಟು ಹೊತ್ತು ಸಾಕು. ಹಬ್ಬದೊಳಗೆ ಮುಗಿಸಬೇಕು ಅಂತ ಗಡುವು ಹಾಕಿಕೊಂಡರೆ ಅದೂ ಒಂದು ಕೆಲಸವೇ ಆಗುತ್ತದೆ. ಫೋನು ಬೇರೆ ಕೋಣೆಯಲ್ಲಿರಲಿ. ಅರ್ಧ ಆದದ್ದರ ಫೋಟೋ ಯಾರಿಗೂ ಕಳಿಸಬೇಡಿ ಅಂತ ನನ್ನ ಸಲಹೆ. "ಆ ಹಳದಿ ಯಾಕೆ ಅಲ್ಲಿ" ಅಂತ ಒಬ್ಬರು ಕೇಳಿದರೂ ಸಾಕು, ಕೈ ಹಿಂಜರಿಯಲು ಶುರುಮಾಡುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೂಜಿ ದಾರ ಮನಸ್ಸಿಗೆ ಆಸರೆ ಕೊಡುತ್ತದೆ, ಚಿಕಿತ್ಸೆಯ ಜಾಗಕ್ಕೆ ಬರುವುದಿಲ್ಲ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ, ಬದುಕಿ ಏನು ಪ್ರಯೋಜನ ಅನ್ನಿಸುತ್ತಿದ್ದರೆ 14416ಕ್ಕೆ ಫೋನು ಮಾಡಿ. ಅದು 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಬೇಡ.

ಕೌದಿ ಮುಗಿದ ಮೇಲೆ ಬೀರುವಿನಲ್ಲಿ ಇಡಬೇಡಿ, ಹೊದೆಯಿರಿ. ಎಲ್ಲಾದರೂ ಹರಿದರೆ ಅದರ ಮೇಲೇ ಇನ್ನೊಂದು ತುಂಡು ಹಾಕಿ. ತೊಳೆಯುವಾಗ ತಣ್ಣೀರು, ಸ್ವಲ್ಪ ಸೋಪಿನ ಪುಡಿ ಸಾಕು. ಕಲ್ಲಿಗೆ ಬಡಿಯಬೇಡಿ, ಹೊಲಿಗೆ ಬಿಡುತ್ತದೆ. ಒದ್ದೆ ಕೌದಿ ಬಹಳ ಭಾರ. ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ ಹಿಡಿದು ಹಿಂಡಬೇಕು. ಹಿಡಿದವರ ಮೈಯೆಲ್ಲ ಒದ್ದೆಯಾಗುತ್ತದೆ. ಮಕ್ಕಳಿಗೆ ಅದೂ ಆಟವೇ, ಹಾಗಾಗಿ ಶಾಲೆ ರಜೆ ಇರುವ ಬಿಸಿಲಿನ ದಿನ ನೋಡಿ ಇಟ್ಟುಕೊಳ್ಳಿ.