ಪಿನ್ ಕೇಳಿದರೆ ಕೊಡಲೇಬೇಕೇ? ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಕಣ್ಗಾವಲು ಕಾನೂನಿನ ಕೈಪಿಡಿ

ಬ್ರಿಟನ್ನಿಗೆ ಬಂದವರು ಬಾಡಿಗೆ ಮನೆ, ಕೌನ್ಸಿಲ್ ಟ್ಯಾಕ್ಸ್, ವೀಸಾ ನವೀಕರಣದ ಬಗ್ಗೆ ಹತ್ತು ಜನರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಅಧಿಕಾರಿಯೊಬ್ಬರು ಫೋನನ್ನು ಕೈಗೆ ತೆಗೆದುಕೊಂಡು "ಪಿನ್ ಹೇಳಿ" ಎಂದರೆ ಏನು ಮಾಡಬೇಕೆಂಬುದನ್ನು ಮಾತ್ರ ಮೊದಲೇ ಕೇಳಿಟ್ಟುಕೊಂಡವರು ಕಡಿಮೆ. ಉತ್ತರ ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲಿದೆ. ಬೀದಿಗೆ ಒಂದು ನಿಯಮ, ಠಾಣೆಗೆ ಇನ್ನೊಂದು, ವಿಮಾನ ನಿಲ್ದಾಣಕ್ಕೆ ಮತ್ತೊಂದು. ಇಲ್ಲಿನ ಸರ್ಕಾರ ತನ್ನ ಅಧಿಕಾರಗಳನ್ನು ಬಹುಮಟ್ಟಿಗೆ ಕಾಯ್ದೆಯಲ್ಲೇ ಬರೆದಿಟ್ಟಿದೆ. ಅವು ವಿಪರೀತ ಎಂಬುದು ನಮ್ಮ ಅಭಿಪ್ರಾಯ. ಆದರೆ ಬರೆದಿಟ್ಟಿರುವುದರಿಂದ ಅವುಗಳ ಎಲ್ಲೆಯೂ ನಮಗೆ ಗೊತ್ತಾಗುತ್ತದೆ.

ವಿಮಾನ ನಿಲ್ದಾಣದಲ್ಲಿ

ಹಕ್ಕುಗಳು ತೀರಾ ಕಡಿಮೆ ಇರುವ ಜಾಗ ಇದು. 2000ದ ಭಯೋತ್ಪಾದನಾ ಕಾಯ್ದೆಯ 7ನೇ ಷೆಡ್ಯೂಲ್ ಪ್ರಕಾರ ವಿಮಾನ ನಿಲ್ದಾಣ, ಬಂದರುಗಳಲ್ಲಿ ಪೊಲೀಸರು ಯಾರನ್ನು ಬೇಕಾದರೂ ತಡೆದು ಪ್ರಶ್ನಿಸಬಹುದು. ಅದಕ್ಕೆ ಅನುಮಾನದ ಕಾರಣ ಬೇಕಿಲ್ಲ. ಬರುವಾಗಲೂ ಹೋಗುವಾಗಲೂ ಇದು ಅನ್ವಯಿಸುತ್ತದೆ, ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೂ ವಿನಾಯಿತಿ ಇಲ್ಲ. ಜನಾಂಗ ಅಥವಾ ಧರ್ಮವೊಂದನ್ನೇ ನೋಡಿ ಆರಿಸಬಾರದು ಎಂದು ನೀತಿಸಂಹಿತೆ ಹೇಳುತ್ತದೆ.

ತಡೆದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: "ಇದು ಯಾವ ಕಾನೂನಿನಡಿ?" ವಲಸೆ ಅಧಿಕಾರಿ ವೀಸಾ ಬಗ್ಗೆ ಕೇಳುವುದು ಬೇರೆ, ಕಸ್ಟಮ್ಸ್‌ನವರು ಚೀಲ ನೋಡುವುದು ಬೇರೆ, 7ನೇ ಷೆಡ್ಯೂಲ್ ಬೇರೆ. "ಷೆಡ್ಯೂಲ್ 7" ಎಂಬ ಉತ್ತರ ಬಂದರೆ ಸುಮ್ಮನಿರುವ ಹಕ್ಕು ನಿಮಗಿಲ್ಲ. ಪ್ರಶ್ನೆಗೆ ಉತ್ತರಿಸಬೇಕು, ಫೋನ್, ಲ್ಯಾಪ್‌ಟಾಪ್ ಒಪ್ಪಿಸಬೇಕು, ಪಿನ್ ಹೇಳಬೇಕು. ನಿರಾಕರಿಸಿದರೆ 3 ತಿಂಗಳವರೆಗೆ ಜೈಲು, 2,500 ಪೌಂಡ್‌ವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೀಥ್ರೂ ನಿಲ್ದಾಣದಲ್ಲಿ ಪಾಸ್‌ವರ್ಡ್ ಕೊಡಲೊಪ್ಪದ ಒಂದು ಮಾನವ ಹಕ್ಕು ಸಂಘಟನೆಯ ನಿರ್ದೇಶಕರನ್ನು 2017ರಲ್ಲಿ ಲಂಡನ್ನಿನ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಪಿತ್ತಿತು. ಕಕ್ಷಿದಾರರ ಗೌಪ್ಯ ಮಾಹಿತಿ ಇದೆ ಎಂಬ ಅವರ ವಾದ ನಿಲ್ಲಲಿಲ್ಲ.

ಮೊದಲ ಒಂದು ಗಂಟೆ ಬರೀ ವಿಚಾರಣೆ. ಅದಕ್ಕೂ ಮೀರಿ ಮುಂದುವರಿಸಬೇಕಾದರೆ ನಿಮ್ಮನ್ನು ವಿಧಿವತ್ತಾಗಿ ಬಂಧನದಲ್ಲಿಡಬೇಕು. ಒಟ್ಟು 6 ಗಂಟೆ ದಾಟುವಂತಿಲ್ಲ. ಬಂಧನದಲ್ಲಿಟ್ಟರೆ ವಕೀಲರನ್ನು ಕೇಳುವ ಹಕ್ಕು, ಒಬ್ಬರಿಗೆ ಸುದ್ದಿ ಮುಟ್ಟಿಸುವ ಹಕ್ಕು ಬರುತ್ತವೆ. ಎರಡನ್ನೂ ನೀವೇ ಬಾಯಿಬಿಟ್ಟು ಕೇಳಿ. ವಸ್ತುಗಳನ್ನು ಪರಿಶೀಲನೆಗೆಂದು 7 ದಿನದವರೆಗೆ ಇಟ್ಟುಕೊಳ್ಳಬಹುದು. ಫೋನ್ ವಾಪಸ್ ಬಂದರೂ ಅದರ ನಕಲು ಅವರಲ್ಲೇ ಉಳಿಯಬಹುದು. ಬಾಯಿಮಾತಿನ ಉತ್ತರಗಳನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ನಿಮ್ಮ ವಿರುದ್ಧ ಬಳಸದಂತೆ ಕಾನೂನು ಬಹುಮಟ್ಟಿಗೆ ತಡೆಯುತ್ತದೆ. ಫೋನಿನಲ್ಲಿ ಸಿಕ್ಕಿದ್ದಕ್ಕೆ ಆ ರಕ್ಷಣೆ ಇಲ್ಲ.

ಐಟಿಯವರು ಎಡವುವುದು ಆಫೀಸಿನ ಲ್ಯಾಪ್‌ಟಾಪ್ ವಿಷಯದಲ್ಲಿ. "ಇದು ಕಂಪನಿಯದು, ತೆರೆಯಲು ನನಗೆ ಅಧಿಕಾರವಿಲ್ಲ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಗೌಪ್ಯ ದತ್ತಾಂಶ ಇದೆಯೆಂದು ಹೇಳಿ, ಹಾಗೆ ಹೇಳಿದ್ದನ್ನು ಬರೆದುಕೊಳ್ಳುವಂತೆ ಕೇಳಿ, ಹೊರಬಂದ ಮೇಲೆ ಕಂಪನಿಯ ಭದ್ರತಾ ವಿಭಾಗಕ್ಕೆ ಅಂದೇ ತಿಳಿಸಿ. ರಜೆಗೆ ಊರಿಗೆ ಹೋಗುವಾಗ ಕೆಲಸದ ಲ್ಯಾಪ್‌ಟಾಪ್ ಒಯ್ಯದಿರುವುದು ಎಲ್ಲಕ್ಕಿಂತ ಒಳ್ಳೆಯದು. ವಿಮಾನದಲ್ಲಿ ಕೂತು ಆತುರಾತುರವಾಗಿ ಆ್ಯಪ್‌ಗಳನ್ನು ಅಳಿಸಬೇಡಿ. ಅದು ಇಲ್ಲದ ಅನುಮಾನ ಹುಟ್ಟಿಸುತ್ತದೆ.

ಬೀದಿ, ಠಾಣೆ

ಬೀದಿಯಲ್ಲಿ ಚಿತ್ರ ಪೂರ್ತಿ ಬೇರೆ. ಮಾಮೂಲಿ ತಪಾಸಣೆಯಲ್ಲಿ ಪೊಲೀಸರು ಜೇಬು ನೋಡಬಹುದು, ಪಿನ್ ಹೇಳೆಂದು ಒತ್ತಾಯಿಸುವಂತಿಲ್ಲ. ತನಿಖೆಯಲ್ಲಿ ಫೋನ್ ವಶಪಡಿಸಿಕೊಂಡಿದ್ದರೆ ತನಿಖಾ ಅಧಿಕಾರಗಳನ್ನು ನಿಯಂತ್ರಿಸುವ 2000ದ ರಿಪಾ (RIPA) ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ ನೋಟಿಸ್ ಕೊಡಬೇಕು. ಅದಕ್ಕೆ ಸಾಮಾನ್ಯವಾಗಿ ನ್ಯಾಯಾಧೀಶರ ಅನುಮತಿ ಬೇಕು. ಆ ನೋಟಿಸ್ ಬಂದ ಮೇಲೂ ಬೇಕೆಂದೇ ಕೊಡದಿದ್ದರೆ 2 ವರ್ಷದವರೆಗೆ, ರಾಷ್ಟ್ರೀಯ ಭದ್ರತೆ ಅಥವಾ ಮಕ್ಕಳ ಅಶ್ಲೀಲ ಚಿತ್ರಗಳ ಪ್ರಕರಣವಾದರೆ 5 ವರ್ಷದವರೆಗೆ ಶಿಕ್ಷೆ ಇದೆ. ನೋಟಿಸ್ ಕೈಗೆ ಬಂದ ದಿನವೇ ವಕೀಲರನ್ನು ನೋಡಿ.

ದೂರು ಕೊಡಲು ಹೋದವರ ಫೋನ್ ಕೇಳುವುದೂ ಉಂಟು. 2022ರ ಪೊಲೀಸ್ ಕಾಯ್ದೆಯ ಪ್ರಕಾರ ಸಂತ್ರಸ್ತರು, ಸಾಕ್ಷಿಗಳು ಫೋನನ್ನು ಸ್ವಇಚ್ಛೆಯಿಂದ ಕೊಟ್ಟು, ಒಪ್ಪಿಗೆ ಸೂಚಿಸಿದರೆ ಮಾತ್ರ ಅದರಿಂದ ಮಾಹಿತಿ ತೆಗೆಯಬಹುದು. ಯಾವ ಮಾಹಿತಿ, ಏಕೆ ಎಂದು ಲಿಖಿತವಾಗಿ ತಿಳಿಸಬೇಕು. ನೀವು ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ತನಿಖೆ ನಿಲ್ಲುವುದಿಲ್ಲ ಎಂದೂ ಹೇಳಬೇಕು. ಹಾಳೆಗೆ ಸಹಿ ಹಾಕುವ ಮುನ್ನ ದಿನಾಂಕದ ಮಿತಿ ಹಾಕಿಸಿ. ಉದಾಹರಣೆಗೆ, ಮಾರ್ಚಿನಲ್ಲಿ ಬಂದ ಬೆದರಿಕೆ ಸಂದೇಶಗಳ ದೂರಿಗಾಗಿ ಐದು ವರ್ಷದ ಫೋಟೋಗಳನ್ನು ಒಪ್ಪಿಸಬೇಕಿಲ್ಲ.

ಅವಲಂಬಿತ ವೀಸಾದ ಮೇಲೆ ಬಂದು ಮನೆಯಲ್ಲಿ ದೌರ್ಜನ್ಯ ಅನುಭವಿಸುತ್ತಿರುವ ಹೆಣ್ಣುಮಕ್ಕಳು ಒಂದು ಮಾತು ತಿಳಿದಿರಬೇಕು. ಸಂತ್ರಸ್ತರ ವೀಸಾ ಸ್ಥಿತಿಯನ್ನು ಪೊಲೀಸರು ವಲಸೆ ವಿಷಯ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸುವ ಸಾಧ್ಯತೆ ಇದೆ. ಜೀವಕ್ಕೆ ಅಪಾಯವಿದ್ದರೆ 999 ಮೊದಲು, ಯೋಚನೆ ಆಮೇಲೆ. ಸಮಯವಿದ್ದರೆ ವಲಸೆ ವಕೀಲರ ಜೊತೆ ಮಾತಾಡಿ ಹೋಗುವುದು ಮೇಲು.

ಮನೆಯ ಇಂಟರ್ನೆಟ್ಟು, ಊರಿನ ಕರೆ

2016ರ ಇನ್ವೆಸ್ಟಿಗೇಟರಿ ಪವರ್ಸ್ ಕಾಯ್ದೆಯ ಪ್ರಕಾರ ಸರ್ಕಾರ ನೋಟಿಸ್ ಕೊಟ್ಟರೆ ಫೋನ್, ಬ್ರಾಡ್‌ಬ್ಯಾಂಡ್ ಕಂಪನಿಗಳು ಗ್ರಾಹಕರ ಸಂಪರ್ಕದ ದಾಖಲೆಗಳನ್ನು 12 ತಿಂಗಳವರೆಗೆ ಕೂಡಿಡಬೇಕು. ಯಾವ ಕಂಪನಿಗೆ ನೋಟಿಸ್ ಹೋಗಿದೆ ಎಂಬುದು ಗುಟ್ಟು. ದಾಖಲೆಯಲ್ಲಿ ನೀವು ಓದಿದ ಪುಟ ಇರುವುದಿಲ್ಲ, ಯಾವ ತಾಣ ಅಥವಾ ಸೇವೆಗೆ, ಯಾವ ಹೊತ್ತಿಗೆ ಸಂಪರ್ಕಿಸಿದಿರಿ ಎಂಬುದು ಇರಬಹುದು. ಪುಟ ಇಲ್ಲದ ಮಾತ್ರಕ್ಕೆ ಸಮಾಧಾನ ಪಡಬೇಕಿಲ್ಲ. ರಾತ್ರಿ 2.10ಕ್ಕೆ ಕ್ಯಾನ್ಸರ್ ಸಹಾಯ ಸಂಸ್ಥೆಯ ತಾಣ, 2.25ಕ್ಕೆ ಜೀವವಿಮೆಯ ತಾಣ, ಬೆಳಿಗ್ಗೆ 9ಕ್ಕೆ ಬೆಂಗಳೂರಿನ ಆಸ್ಪತ್ರೆಯ ತಾಣ: ಈ ಮೂರು ಸಾಲು ಸಾಕು, ಮನೆಯಲ್ಲಿ ಏನಾಗಿದೆಯೆಂದು ಹೇಳಲು ಪುಟದ ಅಗತ್ಯವೇ ಇಲ್ಲ.

ಕರೆ, ಸಂದೇಶಗಳ ಒಳವಿಷಯ ನೋಡಬೇಕಾದರೆ ವಾರಂಟ್ ಬೇಕು. ಸಾಮಾನ್ಯವಾಗಿ ಸಚಿವರು ಸಹಿ ಹಾಕಿದ ಮೇಲೆ ನ್ಯಾಯಾಂಗ ಆಯುಕ್ತರೂ ಒಪ್ಪಬೇಕು. ನಮ್ಮಂಥವರಿಗೆ ತಟ್ಟುವ ಬಿರುಕು ಇರುವುದು ಸಾಮೂಹಿಕ ಪ್ರತಿಬಂಧದ, ಅಂದರೆ ಸಂವಹನಗಳನ್ನು ರಾಶಿಯಾಗಿ ಹಿಡಿದಿಡುವ, ವಾರಂಟಿನಲ್ಲಿ. ಅದರ ಮುಖ್ಯ ಗುರಿಯೇ ಬ್ರಿಟನ್ನಿನ ಹೊರಗಿರುವವರು ಕಳಿಸುವ ಅಥವಾ ಅವರಿಗೆ ತಲುಪುವ ಸಂವಹನ. ಲೀಡ್ಸ್‌ನಿಂದ ದಾವಣಗೆರೆಗೆ ಮಾಡುವ ಕರೆ ಆ ವ್ಯಾಖ್ಯೆಯೊಳಗೆ ಬೀಳುತ್ತದೆ. ಹೀಗೆ ಸಂಗ್ರಹವಾದದ್ದರಲ್ಲಿ ಬ್ರಿಟನ್ನಿನಲ್ಲಿರುವ ವ್ಯಕ್ತಿಯನ್ನು ಗುರಿಯಾಗಿಸಿ ಒಳವಿಷಯ ಹುಡುಕಲು ಪ್ರತ್ಯೇಕ ವಾರಂಟ್ ಬೇಕು. ದಾವಣಗೆರೆಯಲ್ಲಿರುವ ತಾಯಿಯನ್ನು ಗುರಿಯಾಗಿಸಲು ಆ ತಡೆ ಇಲ್ಲ. ಒಂದೇ ಮಾತುಕತೆಯಲ್ಲಿ ಮಗನಿಗೊಂದು ರಕ್ಷಣೆ, ತಾಯಿಗೊಂದು ರಕ್ಷಣೆ. ಇದು ಅನ್ಯಾಯ ಎಂದೇ ನಾವು ತಿಳಿಯುತ್ತೇವೆ.

ಆದ್ದರಿಂದ ಊರಿಗೆ ಮಾತಾಡುವಾಗ ಮಾಮೂಲಿ ಫೋನ್ ಕರೆಗಿಂತ ಎರಡೂ ತುದಿಗೆ ಗೂಢಲಿಪಿ ಇರುವ ವಾಟ್ಸಾಪ್ ಅಥವಾ ಸಿಗ್ನಲ್ ಮೇಲು. ವಾಟ್ಸಾಪಿನಲ್ಲಿ ಜನ ಮರೆಯುವುದು ಬ್ಯಾಕಪ್. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಎಂದು ಹೋಗಿ ಅಲ್ಲಿ ಗೂಢಲಿಪಿಯ ಬ್ಯಾಕಪ್ ಆಯ್ಕೆಯನ್ನು ಆನ್ ಮಾಡಿ. ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದಿಡಿ, ಕಳೆದರೆ ಹಳೆಯ ಸಂದೇಶಗಳು ವಾಪಸ್ ಸಿಗುವುದಿಲ್ಲ. ಊರಿನ ಫೋನಿನಲ್ಲೂ ಇದನ್ನೇ ಮಾಡದಿದ್ದರೆ ಅದೇ ಸಂದೇಶಗಳು ಆ ತುದಿಯ ಬ್ಯಾಕಪ್‌ನಲ್ಲಿ ಬೀಗವಿಲ್ಲದೆ ಕೂತಿರುತ್ತವೆ. ಐಫೋನಿನವರು ಇನ್ನೊಂದು ಗಮನಿಸಿ: 2025ರ ಫೆಬ್ರವರಿಯಲ್ಲಿ ಆ್ಯಪಲ್ ಬ್ರಿಟನ್ನಿನ ಹೊಸ ಬಳಕೆದಾರರಿಗೆ ಐಕ್ಲೌಡಿನ ಕೀಲಿ ಬಳಕೆದಾರರ ಬಳಿ ಮಾತ್ರ ಇರುವಂತೆ ಮಾಡುವ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಸೌಲಭ್ಯವನ್ನು ನಿಲ್ಲಿಸಿತು. ಅದಿಲ್ಲದಿದ್ದರೆ ಐಕ್ಲೌಡ್ ಬ್ಯಾಕಪ್, ಫೋಟೋ, ನೋಟ್ಸ್‌ಗಳ ಕೀಲಿ ಕಂಪನಿಯ ಬಳಿಯೂ ಇರುತ್ತದೆ.

ಕಡತದಲ್ಲಿ ಏನಿದೆ ಎಂದು ಕೇಳುವುದು

ಬಹುಪಾಲು ಕನ್ನಡಿಗರ ಬದುಕಿಗೆ ಗೂಢಚಾರರಿಗಿಂತ ಹೋಮ್ ಆಫೀಸಿನ ಕಡತವೇ ಹೆಚ್ಚು ತಟ್ಟುತ್ತದೆ. ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ಜೊತೆ ಅದು ಆದಾಯದ ಲೆಕ್ಕ ತಾಳೆ ನೋಡುತ್ತದೆ. ವೀಸಾ ಅರ್ಜಿಯಲ್ಲಿ ಹೇಳಿದ ಆದಾಯ ಮತ್ತು ತೆರಿಗೆ ಲೆಕ್ಕದ ಆದಾಯ ಹೊಂದಲಿಲ್ಲವೆಂದು ಟಿಯರ್ 1 ವೀಸಾದ ಎಷ್ಟೋ ವೃತ್ತಿಪರರಿಗೆ ನಡತೆಯ ಕಾರಣಕ್ಕೆ ಅರ್ಜಿ ತಿರಸ್ಕರಿಸಲು ಅವಕಾಶ ಕೊಡುವ 322(5) ವಲಸೆ ನಿಯಮದಡಿ ಶಾಶ್ವತ ವಾಸ ನಿರಾಕರಿಸಲಾಗಿತ್ತು. ಅರ್ಜಿದಾರರಿಗೆ ವಿವರಿಸಲು ಅವಕಾಶ ಕೊಡದೆ ಅಪ್ರಾಮಾಣಿಕರೆಂದು ತೀರ್ಮಾನಿಸುವುದು ನ್ಯಾಯವಲ್ಲ ಎಂದು 2019ರಲ್ಲಿ ಬಾಲಾಜಿಗಾರಿ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಸ್ವಂತವಾಗಿ ತೆರಿಗೆ ಸಲ್ಲಿಸುವವರು ತಪ್ಪು ಕಂಡರೆ ಸಲ್ಲಿಕೆಯ ಕೊನೆಯ ದಿನದಿಂದ 12 ತಿಂಗಳೊಳಗೆ ತಿದ್ದಬಹುದು. ವೀಸಾ ಅರ್ಜಿಗೆ ಮೊದಲು ತಿದ್ದಿ, ಕಾರಣದ ಪತ್ರ ಇಟ್ಟುಕೊಳ್ಳಿ.

ನಿಮ್ಮ ಬಗ್ಗೆ ಏನು ಬರೆದಿದ್ದಾರೆಂದು ನೋಡಲು ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಹಾಕಿ. ಶುಲ್ಕವಿಲ್ಲ. ಒಂದು ತಿಂಗಳಲ್ಲಿ ಉತ್ತರ ಬರಬೇಕು, ಜಟಿಲವಾದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. "ಎಲ್ಲವೂ ಬೇಕು" ಎಂದರೆ ಎಳೆದಾಡುತ್ತದೆ. "ಗಡಿ ದಾಟಿದ ದಾಖಲೆ" ಮತ್ತು "ಇಂಥ ಅರ್ಜಿಯ ಮೇಲಿನ ಅಧಿಕಾರಿಯ ಟಿಪ್ಪಣಿ" ಎಂದು ಬೇರೆಬೇರೆಯಾಗಿ ಕೇಳಿ. ಶಾಶ್ವತ ವಾಸಕ್ಕೆ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರಲಿಲ್ಲವೆಂದು ತೋರಿಸುವಾಗ ಗಡಿಯ ದಾಖಲೆ ಕೈಲಿದ್ದರೆ ಅನುಕೂಲ. ಕೆಲವು ಸಾಲಿಗೆ ಮಸಿ ಬಳಿದು ಕಳಿಸಬಹುದು. ವಲಸೆ ನಿಯಂತ್ರಣದ ಹೆಸರಿನಲ್ಲಿ ಹೀಗೆ ಮಾಹಿತಿ ತಡೆಹಿಡಿಯಲು ಬಿಡುವ ವಿನಾಯಿತಿ ಕಾನೂನುಬಾಹಿರವಾಗಿದೆ ಎಂದು 2021ರಲ್ಲಿ ನ್ಯಾಯಾಲಯ ಹೇಳಿದ ಮೇಲೆ ಸರ್ಕಾರ ಅದನ್ನು ತಿದ್ದಿ ಬರೆದಿದೆ. ಮಸಿಗೆ ಕಾರಣ ಕೇಳಿ, ಸಮಾಧಾನವಾಗದಿದ್ದರೆ ಮಾಹಿತಿ ಆಯುಕ್ತರ ಕಚೇರಿಗೆ ದೂರು ಕೊಡಿ.

ಗುಪ್ತಚರ ಸಂಸ್ಥೆಗಳು ಇಂಥ ಅರ್ಜಿಗೆ ಹೌದೆಂದೂ ಅಲ್ಲವೆಂದೂ ಹೇಳುವುದಿಲ್ಲ. ಅವುಗಳ ವಿರುದ್ಧ ಕಣ್ಗಾವಲಿನ ದೂರುಗಳನ್ನು ವಿಚಾರಿಸುವ ಇನ್ವೆಸ್ಟಿಗೇಟರಿ ಪವರ್ಸ್ ಟ್ರಿಬ್ಯೂನಲ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಸಾಮಾನ್ಯವಾಗಿ ಘಟನೆ ನಡೆದು ಒಂದು ವರ್ಷದೊಳಗೆ ದೂರು ಸಲ್ಲಬೇಕು. "ನಿಮ್ಮ ಪರ ತೀರ್ಮಾನವಿಲ್ಲ" ಎಂಬ ಉತ್ತರ ಬಂದರೆ ಎರಡು ಅರ್ಥ ಸಾಧ್ಯ: ನಿಮ್ಮ ಮೇಲೆ ಕಣ್ಗಾವಲೇ ಇರಲಿಲ್ಲ, ಅಥವಾ ಇದ್ದದ್ದು ಕಾನೂನುಬದ್ಧವಾಗಿತ್ತು. ಯಾವುದೆಂದು ತಿಳಿಸುವುದಿಲ್ಲ. ಆದ್ದರಿಂದ ನಿಲ್ದಾಣದಲ್ಲಿ ತಡೆದರೂ ಠಾಣೆಯಲ್ಲಿ ಫೋನ್ ಪಡೆದರೂ ದಿನಾಂಕ, ಹೊತ್ತು, ಅಧಿಕಾರಿಯ ಸಂಖ್ಯೆ, ಹೇಳಿದ ಕಾಯ್ದೆಯ ಹೆಸರು ಇವಿಷ್ಟನ್ನು ಅಂದೇ ಬರೆದಿಡಿ. ಕೊಟ್ಟ ನೋಟಿಸಿನ ಪ್ರತಿಯನ್ನೂ ಅದರ ಜೊತೆಗೇ ಇಡಿ.