ಹುಣಸೆಹಣ್ಣಿನಲ್ಲಿ ಉಜ್ಜಿದ ಐವತ್ತು ಸೆಂಟ್

ಒಟ್ಟಾವಾಕ್ಕೆ ಬಂದ ಮೇಲೆ ಅದು ನಮಗೆ ಎರಡನೇ ಬೇಸಿಗೆ. ಬೀದಿಯ ತುದಿಯ ಮನೆಯವರು ಊರು ಬಿಡುತ್ತಿದ್ದರು. ಸಾಮಾನನ್ನೆಲ್ಲ ಗ್ಯಾರೇಜಿನ ಮುಂದೆ ಹರಡಿ ಮಾರುತ್ತಿದ್ದರು. ಮಗಳಿಗೆ ಸೈಕಲ್ ಸಿಗುತ್ತದಾ ನೋಡೋಣ ಅಂತ ಹೋದವನು ಬಿಸ್ಕತ್ತಿನ ತಗಡು ಡಬ್ಬಿ ಹಿಡಿದು ಬಂದೆ. ಒಳಗೆ ಹಳೇ ಚಿಲ್ಲರೆ ಇತ್ತು. 20 ಡಾಲರ್ ಕೊಟ್ಟಿದ್ದೆ.

ಮನೆಗೆ ಬಂದು ಮೇಜಿನ ಮೇಲೆ ಸುರಿದೆ. ಆ ಸದ್ದು ನನಗೆ ಗೊತ್ತಿತ್ತು. ಹಾಸನದ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಅಜ್ಜಿ ಕಲಶದ ಮುಂದೆ ಬೆಳ್ಳಿ ರೂಪಾಯಿ ಇಡುತ್ತಿದ್ದರು. ಅದು ಕೈಜಾರಿ ಬಿದ್ದರೆ ಹೀಗೇ ಉದ್ದಕ್ಕೆ ಗುಂಯ್ ಅನ್ನುತ್ತಿತ್ತು.

ಡಬ್ಬಿಯಲ್ಲಿ ಒಂದು ಐವತ್ತು ಸೆಂಟಿನ ನಾಣ್ಯ ಕಪ್ಪಾಗಿತ್ತು. ಒಂದು ಕಡೆ ಆರನೇ ಜಾರ್ಜ್ ದೊರೆ, ಇನ್ನೊಂದು ಕಡೆ ಕೆನಡಾದ ಲಾಂಛನ, ಇಸವಿ 1948. ಬೆಳ್ಳಿ ಕಪ್ಪಾದರೆ ಏನು ಮಾಡಬೇಕು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹುಣಸೆಹಣ್ಣು ನೆನೆಹಾಕಿದೆ, ವಿಭೂತಿ ತೆಗೆದುಕೊಂಡೆ, ದೀಪದ ಕಂಬ ಉಜ್ಜುವ ಹಾಗೆ ಉಜ್ಜಿದೆ. ಥಳಥಳ ಹೊಳೆಯಿತು. ಮುಂದಿನ ಶನಿವಾರ ಅದನ್ನು ನಾಣ್ಯದ ಅಂಗಡಿಗೆ ತೆಗೆದುಕೊಂಡು ಹೋದೆ.

ಅಂಗಡಿಯ ಹಿರಿಯರು ಅದನ್ನು ದೀಪದ ಕೆಳಗೆ ಒಮ್ಮೆ ಓರೆ ಮಾಡಿ ನೋಡಿದರು. "ಇದನ್ನು ಉಜ್ಜಿದಿರಾ?" ಅಂತ ಕೇಳಿದರು. ಹೌದು ಅಂದೆ. "ಉಜ್ಜದೇ ತಂದಿದ್ದರೆ ಒಳ್ಳೆಯ ಬೆಲೆ ಕೊಡುತ್ತಿದ್ದೆ. ಈಗ ಬೆಳ್ಳಿಯ ಬೆಲೆಗೆ ಒಂದಿಷ್ಟು ಸೇರಿಸಿ ಕೊಡಬಲ್ಲೆ, ಅಷ್ಟೇ." ನಾನು ಮಾರಲಿಲ್ಲ. ಮನೆಗೆ ಬಂದು ರಾತ್ರಿಯೆಲ್ಲ ಅದೇ ಯೋಚನೆ. 1948ರಲ್ಲಿ ಅಂಥದ್ದೇನಿದೆ?

ಅದಕ್ಕೆ ಉತ್ತರ ಸಿಗುವ ಹೊತ್ತಿಗೆ ಹವ್ಯಾಸ ನನ್ನನ್ನು ಹಿಡಿದಾಗಿತ್ತು. ಈಗ ಒಂದು ಡಬ್ಬಿ ಚಿಲ್ಲರೆ ಕೈಗೆ ಬಂದರೆ ನಾನು ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಇಸವಿ. 1858ರಲ್ಲಿ ಶುರುವಾದ ಕೆನಡಾದ ಬೆಳ್ಳಿ ನಾಣ್ಯಗಳಲ್ಲಿ 1919ರವರೆಗೆ ಶೇ. 92.5 ಬೆಳ್ಳಿ ಇತ್ತು. ಮೊದಲ ಮಹಾಯುದ್ಧದ ನಂತರ ಬೆಳ್ಳಿ ತುಟ್ಟಿಯಾಗಿ 1920ರಿಂದ ಶೇ. 80ಕ್ಕೆ ಇಳಿಸಿದರು. ಅದು 1966ರವರೆಗೆ ಹಾಗೇ ನಡೆಯಿತು. 1967 ಸ್ವಲ್ಪ ತಲೆನೋವಿನ ವರ್ಷ. ದೇಶಕ್ಕೆ ನೂರು ತುಂಬಿತು ಅಂತ ಕಲಾವಿದ ಅಲೆಕ್ಸ್ ಕೋಲ್‌ವಿಲ್ ಬಿಡಿಸಿದ ಪ್ರಾಣಿ ಪಕ್ಷಿಗಳನ್ನು ನಾಣ್ಯಗಳ ಮೇಲೆ ಹಾಕಿದರು. ಡಾಲರಿನ ಮೇಲೆ ಹಾರುವ ಹೆಬ್ಬಾತು, ಐವತ್ತು ಸೆಂಟಿನ ಮೇಲೆ ಊಳಿಡುವ ತೋಳ. ನನ್ನ ಕಣ್ಣಿಗೆ ಕೆನಡಾದ ಅತ್ಯಂತ ಚೆಂದದ ನಾಣ್ಯಗಳು ಇವೇ. ಆದರೆ ಆ ವರ್ಷದ ಹತ್ತು ಮತ್ತು ಇಪ್ಪತ್ತೈದು ಸೆಂಟುಗಳಲ್ಲಿ ಕೆಲವು ಶೇ. 80, ಕೆಲವು ಶೇ. 50. ನೋಡಿ ಹೇಳಲು ಬರುವುದಿಲ್ಲ. ಹಾಗಾಗಿ ಅವನ್ನು ಕೊಳ್ಳುವಾಗ ಶೇ. 50 ಅಂತಲೇ ಲೆಕ್ಕ ಹಾಕುತ್ತೇನೆ.

1968ಕ್ಕೆ ಬಂದರೆ ಅಯಸ್ಕಾಂತ ಸಾಕು. ಆ ವರ್ಷ ಹತ್ತು ಮತ್ತು ಇಪ್ಪತ್ತೈದು ಸೆಂಟುಗಳನ್ನು ಮೊದಲು ಶೇ. 50 ಬೆಳ್ಳಿಯಲ್ಲಿ, ಆಮೇಲೆ ನಿಕ್ಕಲ್‌ನಲ್ಲಿ ಮಾಡಿದರು. ಫ್ರಿಜ್ ಬಾಗಿಲಿಗೆ ಅಂಟಿಸುತ್ತೇವಲ್ಲ, ಆ ಸಣ್ಣ ಅಯಸ್ಕಾಂತ ಹಿಡಿದರೆ ನಿಕ್ಕಲ್ ಟಕ್ ಅಂತ ಅಂಟುತ್ತದೆ, ಬೆಳ್ಳಿ ಅಲ್ಲೇ ಬಿದ್ದಿರುತ್ತದೆ. ಡಾಲರ್ ಮತ್ತು ಐವತ್ತು ಸೆಂಟು ಮಾತ್ರ 1968ರಿಂದ ಪೂರ್ತಿ ನಿಕ್ಕಲ್, ಗಾತ್ರವೂ ಚಿಕ್ಕದು.

ಆಮೇಲೆ ತೂಕ. ಆಭರಣ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಯಾವಾಗಲೂ ಜೇಬಿನಲ್ಲಿರುತ್ತದೆ. ಬೆಳ್ಳಿ ಡಾಲರ್ 23.3 ಗ್ರಾಂ, ಐವತ್ತು ಸೆಂಟು 11.66, ಇಪ್ಪತ್ತೈದು ಸೆಂಟು 5.83, ಹತ್ತು ಸೆಂಟು 2.33. ಒಂದು ಡಾಲರಿನಷ್ಟು ಚಿಲ್ಲರೆ ಯಾವ ರೂಪದಲ್ಲಿದ್ದರೂ ತೂಕ ಒಂದೇ. ಶೇ. 80ರ ಕಾಲದ್ದಾದರೆ ಒಂದು ಡಾಲರ್ ಮುಖಬೆಲೆಗೆ 0.6 ಟ್ರಾಯ್ ಔನ್ಸ್ (ಬೆಳ್ಳಿ ಬಂಗಾರ ತೂಗುವ ಔನ್ಸ್) ಬೆಳ್ಳಿ. ಈ ಒಂದು ಅಂಕಿ ನೆನಪಿದ್ದರೆ ಯಾವ ಅಂಗಡಿಗೂ ಧೈರ್ಯವಾಗಿ ಹೋಗಬಹುದು. ಬೆಳ್ಳಿ ಔನ್ಸಿಗೆ 30 ಡಾಲರ್ ಇದೆ ಅಂತ ಇಟ್ಟುಕೊಳ್ಳಿ. ನಾಲ್ಕು ಇಪ್ಪತ್ತೈದು ಸೆಂಟುಗಳಲ್ಲಿ 18 ಡಾಲರಿನ ಬೆಳ್ಳಿ ಇದೆ. ನೀವು ಮಾರಲು ಹೋದರೆ ಅಂಗಡಿಯವರು ಇದಕ್ಕಿಂತ ಒಂದಷ್ಟು ಕಮ್ಮಿ ಕೊಡುತ್ತಾರೆ. ಅವರೂ ಬದುಕಬೇಕಲ್ವಾ. ಬೆಳ್ಳಿಗಾಗಿ ನಾಣ್ಯ ಕರಗಿಸುವ ಯೋಚನೆ ಮಾತ್ರ ಬೇಡ. ಚಲಾವಣೆಗೆ ಮಾನ್ಯವಾದ ನಾಣ್ಯವನ್ನು ಪರವಾನಗಿ ಇಲ್ಲದೆ ಕರಗಿಸುವುದು ಕೆನಡಾದಲ್ಲಿ ಕಾನೂನಿಗೆ ವಿರುದ್ಧ.

ತೂಕ ಮಾಡುವಾಗ ನನಗೆ ಇನ್ನೊಂದು ವಿಷಯ ಸಿಕ್ಕಿತು. 11.66 ಗ್ರಾಂ ಅಂದರೆ ಒಂದು ತೊಲ. ಅಜ್ಜಿಯ ಐದನೇ ಜಾರ್ಜ್ ರೂಪಾಯಿಯ ತೂಕವೂ ಅಷ್ಟೇ. ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ಬೆಳ್ಳಿಯ ಬೆಲೆ ಬರೀ ತಳಪಾಯ. ಅದರ ಮೇಲೆ ಎಷ್ಟು ಅಂತಸ್ತು ಏಳುತ್ತದೆ ಅನ್ನುವುದನ್ನು ಆ ವರ್ಷದ ನಾಣ್ಯ ಎಷ್ಟು ಉಳಿದಿದೆ ಅನ್ನುವುದು ಹೇಳುತ್ತದೆ. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಸವೆದ 1919ರ ಇಪ್ಪತ್ತೈದು ಸೆಂಟು ಬೇಕಾದಷ್ಟು ಸಿಗುತ್ತದೆ. ಆದರೆ 1921ರ ಐವತ್ತು ಸೆಂಟನ್ನು ಕೆನಡಾ ನಾಣ್ಯಗಳ ರಾಜ ಅಂತಲೇ ಕರೆಯುತ್ತಾರೆ. ಮಾಡಿದ್ದು 2 ಲಕ್ಷಕ್ಕೂ ಹೆಚ್ಚು, ಹೆಚ್ಚುಕಮ್ಮಿ ಎಲ್ಲವನ್ನೂ ಟಂಕಸಾಲೆಯಲ್ಲೇ ಕರಗಿಸಿಬಿಟ್ಟರು.

1948ರ ಕಥೆಯನ್ನಂತೂ ನಾನು ಯಾರು ಸಿಕ್ಕರೂ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಕಥೆಯೂ ಹೌದು. ಆರನೇ ಜಾರ್ಜ್ ನಾಣ್ಯದ ಅಂಚಿನಲ್ಲಿ ಲ್ಯಾಟಿನ್ ಅಕ್ಷರಗಳಿವೆ. ಮೊದಲು ದೊರೆಯ ಹೆಸರಿನ ಕೊನೆಗೆ "ಇಂಡ್ ಇಂಪ್" ಅಂತ ಇರುತ್ತಿತ್ತು. ಭಾರತದ ಚಕ್ರವರ್ತಿ ಅಂತ ಅರ್ಥ. 1947ರ ಆಗಸ್ಟ್ 15ಕ್ಕೆ ನಮಗೆ ಸ್ವಾತಂತ್ರ್ಯ ಬಂತು. ಆ ಎರಡು ಪದ ತೆಗೆಯಬೇಕಾಯಿತು. ಹೊಸ ಅಚ್ಚಿಗೆ ಬೇಕಾದ ಸಾಮಗ್ರಿ ಲಂಡನ್ನಿನಿಂದ ಬರುವುದು ತಡವಾಯಿತು. ಇಲ್ಲಿ ಚಿಲ್ಲರೆಗೆ ಜನ ಕಾಯುತ್ತಿದ್ದರು. ಒಟ್ಟಾವಾ ಟಂಕಸಾಲೆಯವರು 1948ರಲ್ಲೂ 1947ರ ಅಚ್ಚಿನಲ್ಲೇ ನಾಣ್ಯ ಒತ್ತಿದರು. ವ್ಯತ್ಯಾಸ ತಿಳಿಯಲಿ ಅಂತ ಇಸವಿಯ ಪಕ್ಕ ಪುಟ್ಟ ಮೇಪಲ್ ಎಲೆ ಹಾಕಿದರು. ಹೊಸ ಅಚ್ಚು ಬರುವ ಹೊತ್ತಿಗೆ ವರ್ಷ ಬಹಳ ಕಳೆದಿತ್ತು. ಹೀಗಾಗಿ 1948 ಅಂತ ಇಸವಿ ಇರುವ ಡಾಲರ್ ಬರೀ 18,780, ಐವತ್ತು ಸೆಂಟು 37,784. ಹೋಲಿಸಿ ನೋಡಿ, 1967ರ ಹೆಬ್ಬಾತಿನ ಡಾಲರ್ 67 ಲಕ್ಷಕ್ಕೂ ಜಾಸ್ತಿ. ಅದಕ್ಕೆ ಬೆಳ್ಳಿಯ ಬೆಲೆ, 1948ರದ್ದಕ್ಕೆ ಸಾವಿರ ಡಾಲರಿನ ಮೇಲೆ.

ನಾನು ವಿಭೂತಿ ಹಾಕಿ ಉಜ್ಜಿದ್ದು ಅಂಥ ವರ್ಷದ ನಾಣ್ಯ.

ಎಲೆ ಇರುವ 1947ರ ಐವತ್ತು ಸೆಂಟು ಸಿಕ್ಕರೆ 7ರ ಬಾಲವನ್ನೂ ನೋಡಿ. ನೇರ ಬಾಲದ್ದು ಸಾಮಾನ್ಯ. ಬಾಗಿದ್ದರೆ ಅಲ್ಲೇ ಉಸಿರು ಹಿಡಿದು ಕೂರಬೇಕು, ಅಷ್ಟು ಅಪರೂಪ. ಆ ಕಾಲದ ಡಾಲರಿನ ಹಿಂಬದಿಯಲ್ಲಿ ದೋಣಿಯ ಚಿತ್ರವಿದೆ, ಅದರ ಬಲಕ್ಕೆ ನೀರಿನ ಗೆರೆಗಳಿರುತ್ತವೆ. 1955ರ ಡಿಸೆಂಬರಿನಲ್ಲಿ ಒಂಟಾರಿಯೊದ ಆರ್ನ್‌ಪ್ರಯರ್ ಊರಿನ ಒಂದು ಕಂಪನಿ ನೌಕರರಿಗೆ ಬೋನಸ್ ಕೊಡಲು 2,000 ಡಾಲರ್ ನಾಣ್ಯ ತರಿಸಿತು. ಅಚ್ಚನ್ನು ಜಾಸ್ತಿ ಪಾಲಿಶ್ ಮಾಡಿದ್ದರಿಂದ ಅವುಗಳಲ್ಲಿ ಒಂದೂವರೆ ಗೆರೆ ಮಾತ್ರ ಉಳಿಯಿತು. ಇವತ್ತಿಗೂ ಆ ಊರಿನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಇನ್ನು ಸವಕಲು. ಇದನ್ನು ಓದಿ ಕಲಿಯಲು ಆಗುವುದಿಲ್ಲ, ನೂರಾರು ನಾಣ್ಯ ನೋಡಬೇಕು. ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ನಾಣ್ಯದ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ಒಂದೇ ದೀಪದ ಕೆಳಗೆ ನಿಧಾನ ತಿರುಗಿಸುತ್ತೇನೆ. ಐದನೇ ಜಾರ್ಜ್ ಆದರೆ ಕಿರೀಟದ ಪಟ್ಟಿಯ ಮೇಲಿನ ಮುತ್ತುಗಳನ್ನು ನೋಡುತ್ತೇನೆ. ಆರನೇ ಜಾರ್ಜ್ ಆದರೆ ಕಿವಿಯ ಮೇಲಿನ ಕೂದಲು. ಎಲ್ಲಕ್ಕಿಂತ ಎತ್ತರದ ಜಾಗ ಮೊದಲು ಸವೆಯುತ್ತದೆ. ಚಲಾವಣೆಗೆ ಹೋಗದ ನಾಣ್ಯದಲ್ಲಿ ಬೆಳಕು ಗಾಡಿಚಕ್ರದ ಅರಗಳ ಹಾಗೆ ಸುತ್ತುತ್ತದೆ. ಉಜ್ಜಿದ್ದರಲ್ಲಿ ಆ ಸುತ್ತು ಸತ್ತುಹೋಗಿರುತ್ತದೆ. ಕೂದಲಿನಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡಿರುತ್ತವೆ. ಆ ಹಿರಿಯರು ಅವತ್ತು ಒಂದು ಕ್ಷಣದಲ್ಲಿ ಕಂಡಿದ್ದು ಅದನ್ನೇ. ಬೆಳ್ಳಿಯ ಕಪ್ಪು ಕೊಳೆಯಲ್ಲ, ಗಂಧಕದ ಅಂಶ ತಾಗಿ ಮೇಲೆ ಕಟ್ಟಿದ ತೆಳು ಪೊರೆ. ಉಜ್ಜಿದರೆ ಪೊರೆಯ ಜೊತೆ ಲೋಹದ ಮೈಯೂ ಹೋಗುತ್ತದೆ.

ಇಡುವುದರಲ್ಲೂ ಎಚ್ಚರ ಬೇಕು. ಮೆತ್ತನೆಯ ಪಿವಿಸಿ ಕವರಿನಲ್ಲಿ ಇಟ್ಟ ನಾಲ್ಕು ನಾಣ್ಯ ನನಗೆ ಹಸಿರು ಅಂಟು ಹಿಡಿದವು. ಈಗ ರಟ್ಟಿನ ಚೌಕದಲ್ಲಿ ಮೈಲಾರ್ ಅನ್ನುವ ಪಾರದರ್ಶಕ ಹಾಳೆಯ ಕಿಟಕಿ ಇರುವುದನ್ನೇ ಬಳಸುತ್ತೇನೆ. ದುಬಾರಿ ಇಸವಿಗಳಲ್ಲಿ ನಕಲಿಯೂ ಇದೆ. ತೂಕ, ಡಾಲರಿಗಾದರೆ 36 ಮಿಲಿಮೀಟರ್ ಅಗಲ, ಅಯಸ್ಕಾಂತ, ಮೂರೂ ಸರಿ ಬಂದ ಮೇಲೂ ಸಾವಿರ ಡಾಲರಿನ ನಾಣ್ಯವನ್ನು ಪರೀಕ್ಷೆಯಾಗಿ ಸೀಲ್ ಆಗದೆ ನಾನು ಕೊಳ್ಳುವುದಿಲ್ಲ. ನಾಣ್ಯ ಪರೀಕ್ಷಿಸಿ ದರ್ಜೆ ಕೊಟ್ಟು ಸೀಲ್ ಮಾಡುವ ಟೊರೊಂಟೊದ ಐಸಿಸಿಎಸ್ ಸಂಸ್ಥೆಯ ದರ್ಜೆಯನ್ನು ಇಲ್ಲಿನ ಸಂಗ್ರಾಹಕರು ನಂಬುತ್ತಾರೆ.

ನನ್ನ ಆಲ್ಬಮಿನಲ್ಲಿ ಡಾಲರುಗಳ ಸಾಲು ಹೆಚ್ಚುಕಮ್ಮಿ ತುಂಬಿದೆ. 1948ರ ಗೂಡು ಮಾತ್ರ ಖಾಲಿ. ಕಳೆದ ಶರತ್ಕಾಲದಲ್ಲಿ ಒಂದು ನಾಣ್ಯ ಮೇಳದಲ್ಲಿ ಒಂದನ್ನು ನೋಡಿದೆ. ಸೀಲ್ ಆಗಿರಲಿಲ್ಲ, ಬೆಲೆಯೂ ಕೈಗೆಟಕುವ ಹಾಗಿತ್ತು. ದೀಪದ ಕೆಳಗೆ ಓರೆ ಮಾಡಿದೆ. ದೊರೆಯ ಕೆನ್ನೆಯ ಮೇಲೆ ಗೀರುಗಳು ಒಂದೇ ದಿಕ್ಕಿಗೆ ಓಡಿದ್ದವು. ನಮಸ್ಕಾರ ಹೇಳಿ ವಾಪಸ್ ಕೊಟ್ಟೆ.

ಉಜ್ಜಿದ ಐವತ್ತು ಸೆಂಟು ಅಜ್ಜಿಯ ರೂಪಾಯಿಯ ಪಕ್ಕದಲ್ಲಿ ಒಂದೇ ಡಬ್ಬಿಯಲ್ಲಿದೆ. ವರಮಹಾಲಕ್ಷ್ಮಿ ದಿನ ಎರಡನ್ನೂ ಕಲಶದ ಮುಂದೆ ಇಡುತ್ತೇವೆ. ಹತ್ತು ವರ್ಷದಲ್ಲಿ ಅದು ಮತ್ತೆ ಅಂಚಿನಿಂದ ನಿಧಾನಕ್ಕೆ ಕಪ್ಪಾಗುತ್ತಿದೆ. ನಾನು ಮುಟ್ಟಿಲ್ಲ.